ಉತ್ಸುಮಿ ರಜೆ ಹಾಕಿದ ದಿನ

ನನ್ನದು ಬದಲಿ ಕೈಯ ಕೆಲಸ. ಜಪಾನಿನ ಹೊಕ್ಕೈಡೋದ ಈ ಮಂಜಿನ ಬಯಲಿನಲ್ಲಿ ಹಸು ಕಟ್ಟಿದವರು ಮದುವೆಗೋ ಹಲ್ಲು ಕೀಳಿಸುವುದಕ್ಕೋ ಹೋದ ದಿನ ಹಾಲಿನ ಸಂಘದವರು ನನ್ನನ್ನು ಕಳಿಸುತ್ತಾರೆ. ಹಾಲು ಹಿಂಡಿ, ಮೇವು ಹಾಕಿ, ಸಗಣಿ ಬಾಚಿ ಬರುತ್ತೇನೆ. ಇಪ್ಪತ್ತೆರಡು ಕೊಟ್ಟಿಗೆಗಳ ಹಸುಗಳು ನನಗೆ ಗೊತ್ತು, ಅವುಗಳ ಮಾಲೀಕರ ಜೊತೆ ಕೂತು ಚಹಾ ಕುಡಿದದ್ದು ಮಾತ್ರ ಅಪರೂಪ. ನಾನು ಬರುವುದೇ ಅವರಿಲ್ಲದ ದಿನ.

ಉತ್ಸುಮಿ ಒಂಟಿ ಗಂಡಸು, ಐವತ್ತೆರಡು ವರ್ಷ. ಅಪ್ಪ ತೀರಿಕೊಂಡ ಮೇಲೆ ರಜೆ ಎಂಬುದನ್ನೇ ಹಾಕಿದವನಲ್ಲ. ಅವನು ಸೆಪ್ಟೆಂಬರಿನ ಕೊನೆಯ ಗುರುವಾರಕ್ಕೆ ನನ್ನನ್ನು ಕರೆಸಿದಾಗ ಕಾರಣ ಕೇಳಬೇಕಾಗಿರಲಿಲ್ಲ.

ಹಿಂದೆ ಬೆಣ್ಣೆ ಸಾಲದು ಎಂದು ಸರ್ಕಾರ ಹಸು ಹೆಚ್ಚಿಸಲು ಸಹಾಯಧನ ಕೊಟ್ಟಿತ್ತು. ಆ ದುಡ್ಡಿನಲ್ಲೇ ಅವನು ಕೊಟ್ಟಿಗೆ ಉದ್ದ ಮಾಡಿಸಿದ. ಈಗ ಹಾಲು ಹೆಚ್ಚಾಯಿತಂತೆ, ಹಾಲು ಕೊಡುವ ಹಸುವನ್ನು ಕಸಾಯಿಖಾನೆಗೆ ಕಳಿಸಿದರೆ ಅದೇ ಸರ್ಕಾರದಿಂದ ತಲೆಗೆ ಒಂದೂವರೆ ಲಕ್ಷ ಯೆನ್. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಅಂದರೆ ಇದೇ. ಉತ್ಸುಮಿ ಅದಕ್ಕೆ ಐದು ಹಸುಗಳ ಹೆಸರು ಬರೆಸಿದ್ದ. ಆ ದುಡ್ಡು ಬಂದರೆ ಮಾತ್ರ ಉಳಿದ ಮೂವತ್ತಕ್ಕೆ ಚಳಿಗಾಲದ ಮೇವು. ಶನಿವಾರ ಗಡುವು, ಗುರುವಾರದ್ದೇ ಕೊನೆಯ ಲಾರಿ.

ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರಿನ ಹತ್ತಿರ ನಿಂತಿದ್ದ.

"ನೀವೇ ಹತ್ತಿಸಿಬಿಡಿ ಅಕ್ಕಾ. ನಾನು ಸಂಜೆ ಬರ್ತೀನಿ."

"ನೀನಿದ್ರೆ ಸುಲಭವಾಗಿ ಹತ್ತುತಾವಲ್ಲೋ?"

"ಹತ್ತುತಾವೆ. ಅದಕ್ಕೇ ಹೋಗ್ತಿರೋದು."

ಲಾರಿ ಬಂದಾಗ ನಾಲ್ಕು ಹತ್ತಿದವು. ಐದನೆಯವಳು ಫುಕಿ, ಹನ್ನೊಂದು ವರ್ಷದವಳು. ಹಿಮ ಸುರಿಯುವಾಗ ಹುಟ್ಟಿದ ಅವಳನ್ನು ಉತ್ಸುಮಿ ಅಡುಗೆಮನೆಯ ಒಲೆಯ ಪಕ್ಕ ಮಲಗಿಸಿ ಬದುಕಿಸಿದ್ದ. ಲಾರಿಗೆ ಒರಗಿಸಿದ್ದ ಹಲಗೆಯ ಬುಡದಲ್ಲಿ ನಾಲ್ಕೂ ಕಾಲು ಊರಿ ನಿಂತುಬಿಟ್ಟಳು. ಲಾರಿಯವನು ಮುಂದಿನಿಂದ ಎಳೆದ, ನಾನು ಹಿಂದಿನಿಂದ ನೂಕಿದೆ.

"ಏನಕ್ಕಾ, ಇದು ಹಸುವೋ ಸರ್ಕಾರಿ ಆಫೀಸೋ? ಎಷ್ಟು ಜಗ್ಗಿದ್ರೂ ಅಲ್ಲಾಡಲ್ಲ! ಇನ್ನು ಹತ್ತು ನಿಮಿಷ ನೋಡ್ತೀನಿ. ಆಮೇಲೆ ನನ್ನ ದಾರಿ ನನಗೆ."

ಫೋನು ಮಾಡಿದೆ. ಉತ್ಸುಮಿ ಊರಿನ ಬಿಸಿನೀರ ಸ್ನಾನದ ಮನೆಯ ಮುಂದೆ ಕಾರಿನಲ್ಲೇ ಕೂತಿದ್ದನಂತೆ, ಇಳಿದೇ ಇರಲಿಲ್ಲ.

"ಫುಕಿ ಹತ್ತುತಾ ಇಲ್ಲ ಕಣೋ. ಬಿಟ್ಟುಬಿಡಲಾ?"

ಹೂಂ ಅನ್ನಲಿ ಎಂದು ನಾನು ಆಸೆಪಟ್ಟಿದ್ದು ನಿಜ.

"ಮೇವಿನವನಿಗೆ ಮಾತು ಕೊಟ್ಟಾಗಿದೆ," ಎಂದ. "ನೀವು ಲಾರಿ ಒಳಗೆ ನಿಂತ್ಕೊಳ್ಳಿ. ಫೋನು ಜೋರು ಮಾಡಿ ಹಿಡೀರಿ."

ನಾನು ಹತ್ತಿ ನಿಂತು ಫೋನು ಚಾಚಿದೆ.

"ಹೋ… ಬಾರೇ ಫುಕಿ. ಬಾ ತಾಯಿ, ಬಾ."

ಫುಕಿಯ ಕಿವಿ ನೆಟ್ಟಗಾಯಿತು. ಹಗ್ಗವೇ ಬೇಕಾಗಲಿಲ್ಲ. ತಟತಟನೆ ಹಲಗೆ ಹತ್ತಿ ಬಂದು ನನ್ನ ಕೈಯಲ್ಲಿದ್ದ ಫೋನನ್ನು ಮೂಸಿದಳು, ಆಮೇಲೆ ನನ್ನ ಬೆನ್ನ ಹಿಂದೆ ಇಣುಕಿದಳು. ಬೇಲಿಯಾಚೆ ಮೇಯುತ್ತಿದ್ದ ಮೂವತ್ತೂ ಆ ದನಿಗೆ ಓಡಿ ಬಂದು ಸಾಲಾಗಿ ನಿಂತವು.

"ಹತ್ತಿದ್ಲಾ?"

"ಹತ್ತಿದ್ಲು."

"ನನ್ನ ಹುಡುಕಿದ್ಲಾ?"

"ಇಲ್ಲಪ್ಪ," ಎಂದೆ. ಹಸಿ ಸುಳ್ಳು.

"ನಿಮಗೆ ತೊಂದರೆ ಕೊಟ್ಟೆ," ಎಂದ. ನಾನು ಕೆಳಗಿಳಿದು, ಲಾರಿ ತಿರುವು ದಾಟುವವರೆಗೂ ಅವನು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.

ಸಂಜೆ ಅವನು ಬಂದಾಗ ಹಸುಗಳು ಹುಲ್ಲುಗಾವಲಿನ ಆ ತುದಿಯಲ್ಲಿ, ಮಂಜಿನೊಳಗಿದ್ದವು. ಗೇಟಿನ ಹತ್ತಿರ ನಿಂತು ಬಾಯಿ ತೆರೆದ, ಮುಚ್ಚಿಕೊಂಡ.

"ಅಕ್ಕಾ, ನೀವು ಕರೀರಿ."

"ನನ್ನ ದನಿಗೆ ಬರಲ್ವಲ್ಲೋ."

"ನನ್ನ ದನಿಗೆ ಬಂದ್ಬಿಡ್ತಾವೆ," ಎಂದ.

ಇಬ್ಬರೂ ಆ ತುದಿಯವರೆಗೆ ನಡೆದೆವು. ಮೂವತ್ತನ್ನೂ ಬೆನ್ನು ತಟ್ಟಿ ತಟ್ಟಿ ಅಟ್ಟಿಕೊಂಡು ಬಂದೆವು. ದಾರಿಯುದ್ದಕ್ಕೂ ಉತ್ಸುಮಿ ಒಂದನ್ನೂ ಹೆಸರು ಹಿಡಿದು ಕರೆಯಲಿಲ್ಲ.