ಅರ್ಧ ಎತ್ತರದ ದಾರ

ಕುಮಟೆಯಲ್ಲಿ ಎರಡು ದಿನದ ತರಬೇತಿ ಮುಗಿಸಿ ಹಿರೇಗುತ್ತಿಯಲ್ಲಿ ಬಸ್ಸಿಳಿದ ಉಮಾಳ ಚೀಲದಲ್ಲಿ ಒಂದು ಹೊಸ ಟೇಪು, ಒಂದು ಬಿಳಿ ದಾರದುಂಡೆ, ಒಂದು ತೂಕದ ಯಂತ್ರ ಇದ್ದವು. ಆಶಾ ಕಾರ್ಯಕರ್ತೆಯಾಗಿ ಆರು ವರ್ಷದಿಂದ ಊರಿನ ಬಸುರಿ ಬಾಣಂತಿಯರ ಹಿಂದೆ ತಿರುಗಿದವಳು ಅವಳು. ಈಗ ಮೂವತ್ತು ದಾಟಿದ ಎಲ್ಲರ ಸೊಂಟವನ್ನೂ ಅಳೆಯಬೇಕಾಗಿತ್ತು. ಬಿ.ಪಿ., ಸಕ್ಕರೆ ಕಾಯಿಲೆಗಳು ಬರುವ ಮೊದಲು ಬೊಜ್ಜು ಬರುತ್ತದೆ, ಅದನ್ನು ಅಂಗಳದಲ್ಲೇ ಹಿಡಿಯಿರಿ ಎಂದು ತರಬೇತಿಯ ಮೇಡಂ ಹೇಳಿದ್ದರು. ಕಳ್ಳನನ್ನು ಹಿಡಿಯಲು ಹೊರಟ ಹೊಸ ಪೊಲೀಸನ ಹುರುಪಿನಲ್ಲಿ ಉಮಾ ಊರಿಗೆ ಬಂದಳು.

ಮೇಡಂ ಕಲಿಸಿದ್ದು ಮೂರು ಸುಲಭದ ದಾರಿ. ಟೇಪು ಹಿಡಿದರೆ ಹೆಂಗಸರ ಸೊಂಟ ಎಂಬತ್ತು ಸೆಂಟಿಮೀಟರಿನ ಒಳಗಿರಬೇಕು. ಟೇಪು ಇಲ್ಲದಿದ್ದರೆ ಪಾದದಿಂದ ನೆತ್ತಿಯವರೆಗೆ ದಾರ ಅಳೆದು, ಅದನ್ನು ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಬೇಕು. ತುದಿಗೆ ತುದಿ ಮುಟ್ಟಿದರೆ ಚಿಂತೆಯಿಲ್ಲ, ಮುಟ್ಟದಿದ್ದರೆ ತೂಕ ಹೆಚ್ಚು. ಮೂರನೆಯದು, ತೋಳಿನ ಹಿಂಬದಿಯ ಮಾಂಸವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ನೋಡುವುದು. ಹೊಟ್ಟೆಯೊಂದನ್ನೇ ನಂಬಬೇಡಿ, ತೋಳನ್ನೂ ನೋಡಿ ಎಂದು ಮೇಡಂ ಎರಡು ಸಲ ಹೇಳಿದ್ದರು. ಉಮಾ ಅದನ್ನು ಪುಸ್ತಕದಲ್ಲಿ ಬರೆದು ಅಡಿಗೆರೆಯನ್ನೂ ಎಳೆದಿದ್ದಳು.

ಮರುದಿನ ಬೆಳಿಗ್ಗೆ ಅವಳ ಮನೆಯಂಗಳದಲ್ಲಿ ಕೇರಿಯ ಹಾಲಕ್ಕಿ ಜನಾಂಗದ ಹೆಂಗಸರೆಲ್ಲ ಸೇರಿದರು. ಮೊದಲು ಸಿಕ್ಕವನು ಮಾವ ಜಟ್ಟಿ. ಅವನ ಅರ್ಧ ಎತ್ತರದ ದಾರ ಸೊಂಟಕ್ಕೆ ಸುತ್ತಿಯೂ ಗೇಣುದ್ದ ಉಳಿಯಿತು. ಪಕ್ಕದ ಮನೆಯ ನಾಗಮ್ಮ, "ಜಟ್ಟಣ್ಣನ ದಾರದ ಒಳ್ಗೆ ಇನ್ನೊಂದು ಜಟ್ಟಣ್ಣ ಹಿಡೀತದೆ" ಎಂದು ನಕ್ಕಳು. ತನ್ನ ಸರದಿ ಬಂದಾಗ ಅದೇ ನಾಗಮ್ಮ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗಂಟಿಸಿ ನಿಂತಳು. ಮಾತಾಡಿಸಿದರೆ ಉಸಿರು ಬಿಟ್ಟಾಳೆಂದು ಉಮಾ ಬೇಕೆಂದೇ ಮಾತಾಡಿಸಿದಳು. ಅಂಗಳವೆಲ್ಲ ನಗೆ.

ಕೊನೆಗೆ ಅತ್ತೆ ಸಣ್ಣಿ ಬಂದು ನಿಂತಳು. ಐವತ್ತೆಂಟರ ಹೆಂಗಸು. ಗದ್ದುಗೆ ಏರಿದವಳ ಹಾಗೆ ಮಣಿಸರಗಳ ಮೇಲೆ ಗಲ್ಲ ಊರಿ ನಡೆಯುವವಳು. ಕರಿಮಣಿ, ಹಳದಿ, ಕೆಂಪು, ನೀಲಿ, ಸರದ ಮೇಲೆ ಸರ; ಕೊರಳೂ ಎದೆಯೂ ಮುಚ್ಚಿಹೋಗುವಷ್ಟು. ಕೇರಿಯ ಹರೆಯದ ಹೆಣ್ಣುಮಕ್ಕಳು ಒಂದೆಳೆ ಬಂಗಾರಕ್ಕೆ ಬದಲಾಗಿ ಎಷ್ಟೋ ಕಾಲವಾಗಿತ್ತು, ಸಣ್ಣಿ ಬದಲಾಗಿರಲಿಲ್ಲ. ಅವಳ ದಾರ ನಾಲ್ಕು ಬೆರಳು ಕಡಿಮೆ ಬಿತ್ತು. ಟೇಪು ಎಂಬತ್ತೆರಡು ತೋರಿಸಿತು, ಯಂತ್ರ ಐವತ್ತೆರಡು ಕಿಲೋ.

"ಸರ ತೆಗ್ದು ನಿಂತ್ಕಣಿ ಅತ್ತೆ" ಎಂದಳು ಉಮಾ.

"ಎಂತಕೆ? ನಿನ್ನ ಮಾವ ಎದುರಿಗೇ ಕೂತವ್ರೆ. ಬದ್ಕಿದ್ದ ಗಂಡನ ಮುಂದೆ ಕೊರಳು ಬರಿದು ಮಾಡ್ಕಣುದೇ?" ಎಂದಳು ಸಣ್ಣಿ. ಹೆಂಗಸರೆಲ್ಲ ಹೌದೆಂದರು. ಉಮಾ ಒತ್ತಾಯಿಸಲಿಲ್ಲ, ಮಣಿ ಎಷ್ಟು ತೂಗೀತು ಮಹಾ ಎಂದುಕೊಂಡು ಯಂತ್ರ ತೋರಿಸಿದ್ದನ್ನೇ ಬರೆದಳು. ಇನ್ನು ತೋಳು ಚಿವುಟುವುದು. ಈ ಸೀಮೆಯಲ್ಲಿ ಸೊಸೆಯಾದವಳು ಅತ್ತೆಯ ಸೊಂಟಕ್ಕೆ ದಾರ ಸುತ್ತುವುದೇ ಹೆಚ್ಚು, ನಾಲ್ಕು ಜನರೆದುರು ತೋಳು ಚಿವುಟುವುದೆಂದರೆ ಆಗುಹೋಗುವ ಮಾತಲ್ಲ. ಅದನ್ನು ಬಿಟ್ಟಳು. ಸಣ್ಣಿಯ ಹೆಸರಿನ ಮುಂದೆ 'ತೂಕ ಹೆಚ್ಚು' ಎಂದು ಗುರುತು ಬಿತ್ತು.

ಆ ಸಂಜೆಯಿಂದಲೇ ಸಣ್ಣಿಯ ರಾತ್ರಿಯೂಟ ನಿಂತಿತು. ಒಂದು ಲೋಟ ರಾಗಿ ಅಂಬಲಿ, ಎರಡು ತುಂಡು ಸೌತೆಕಾಯಿ. ಮಧ್ಯಾಹ್ನ ಕುಚ್ಚಕ್ಕಿ ಅನ್ನ ಒಂದೇ ಸೌಟು. ತೆಂಗಿನಕಾಯಿ ಹಾಕಿದ ಮೀನುಸಾರಿಗೆ ಕಡಿವಾಣ. ಬೆಳಿಗ್ಗೆ ಹಿನ್ನೀರಿನ ಗಜನಿ ಗದ್ದೆಯ ಬದುವಿನ ಮೇಲೆ ನಡೆದು ಬರಬೇಕು. ಹುಟ್ಟಿದಾಗಿನಿಂದ ಗದ್ದೆಯಲ್ಲಿ ಬಾಗಿ ಎದ್ದವಳಿಗೆ ಬೇರೆ ನಡಿಗೆ ಏಕೆಂದು ಜಟ್ಟಿ ಗೊಣಗಿದ. ಸಣ್ಣಿ ಮಾತ್ರ ಹೂಂ ಎಂದಳು. ಸೊಸೆ ಓದಿದವಳು, ಊರೆಲ್ಲ ಅವಳ ಮಾತು ಕೇಳುತ್ತದೆ. ಮನೆಯವರೇ ಕೇಳದಿದ್ದರೆ ಅವಳ ಮಾತಿಗೆ ಬೆಲೆ ಉಂಟೇ ಎಂಬುದು ಅವಳ ಲೆಕ್ಕ. ಉಮಾಳಿಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿತು. ಸಿಕ್ಕಿದ ಮನೆಗಳಲ್ಲೆಲ್ಲ ಅತ್ತೆಯ ಕತೆಯನ್ನೇ ಹೇಳಿದಳು.

ದೀಪಾವಳಿ ಕಳೆಯುವಷ್ಟರಲ್ಲಿ ಸಣ್ಣಿಯ ತೋಳುಗಳು ಇಳಿದವು. ಬಳೆ ಮೊಣಕೈವರೆಗೆ ಜಾರತೊಡಗಿತು. "ಕಂಡ್ರಾ, ಬೊಜ್ಜು ಕರಗ್ತಾ ಅದೆ" ಎಂದು ಉಮಾ ಹಿಗ್ಗಿದಳು. ಹೊಟ್ಟೆ ಮಾತ್ರ ಇಳಿಯಲಿಲ್ಲ. ಹೊಟ್ಟೆಯ ಬೊಜ್ಜು ಕೊನೆಗೆ ಹೋಗುವುದು ಎಂದು ಎಲ್ಲೋ ಕೇಳಿದ್ದಳು, ಅದನ್ನೇ ಅತ್ತೆಗೂ ಹೇಳಿದಳು. ಈಗ ತೋಳು ಕೂಗಿ ಹೇಳುತ್ತಿತ್ತು. ಕೇಳಿಸಿಕೊಳ್ಳಬೇಕಾದವಳು ಅದನ್ನು ತನ್ನ ಗೆಲುವೆಂದುಕೊಂಡಿದ್ದಳು.

ಮಾಘದಲ್ಲಿ ನಾಗಮ್ಮನ ಮಗಳು ರೂಪಾಳ ಮದುವೆ. ಕೇರಿಯ ಮದುವೆಯ ಹಾಡಿಗೆ ಸಣ್ಣಿಯೇ ಮುಂದಾಳು. ಅವಳು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಹಿಂದಿನಿಂದ ಹಿಡಿಯುತ್ತಿದ್ದರು, ಹಸೆ ಬರೆಯುವುದರಿಂದ ಹಿಡಿದು ಹೆಣ್ಣೊಪ್ಪಿಸುವವರೆಗೂ ಅವಳ ದನಿ ಎಲ್ಲಿಯೂ ತುಂಡಾಗುತ್ತಿರಲಿಲ್ಲ. ಆ ದಿನ ಮೂರನೆಯ ಸಾಲಿಗೆ ದನಿ ನಿಂತಿತು. ಎದೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತುಬಿಟ್ಟಳು. ಹಿಂದಿನ ಹೆಂಗಸರು ಸಾಲಿಗಾಗಿ ಕಾದರು. ಕೊನೆಗೆ ಬೇರೆ ಯಾರೋ ಎತ್ತಿಕೊಂಡರು.

"ಉಸ್ರು ಸಾಲೂದಿಲ್ಲ ಹೆಣ್ಣೆ" ಎಂದಳು ಮನೆಗೆ ಬಂದ ಮೇಲೆ.

"ಹೊಟ್ಟೆ ಇಳೀಲಿ, ಉಸ್ರು ತನ್ನಿಂದ ತಾನೇ ಬತ್ತದೆ" ಎಂದಳು ಉಮಾ.

ಮರುದಿನವೇ ನಾಗಮ್ಮನ ಎದುರಿಗೆ ಅತ್ತೆಯನ್ನು ಯಂತ್ರದ ಮೇಲೆ ನಿಲ್ಲಿಸಿದಳು. ಐದು ತಿಂಗಳ ಪಥ್ಯದ ನಂತರವೂ ಅದೇ ಐವತ್ತೆರಡು. ಟೇಪು ಹಿಡಿದರೆ ತೊಂಬತ್ತು, ಮೊದಲಿಗಿಂತ ಎಂಟು ಹೆಚ್ಚು. ಉಮಾಳ ಮುಖ ಸಪ್ಪೆಯಾಯಿತು. ಊರಿಗೆಲ್ಲ ಡಂಗುರ ಹೊಡೆದಿದ್ದಳಲ್ಲ, ಆ ಅವಮಾನವೇ ಮುಂದಾಗಿ ಬಾಯಿ ಜಾರಿತು: "ಅತ್ತೆ, ನಾ ಮನೇಲಿ ಇಲ್ದೇ ಇದ್ದಾಗ ಎಂತಾರೂ ಕದ್ದು ತಿಂತ್ರಾ?"

ಸಣ್ಣಿ ಯಂತ್ರದಿಂದ ಒಂದೊಂದೇ ಕಾಲು ಇಳಿಸಿದಳು. "ಇಲ್ಲ ಹೆಣ್ಣೆ" ಎಂದಳು. ಅಷ್ಟೇ. ನಾಗಮ್ಮ ನಗಲಿಲ್ಲ, ಏನೋ ಕೆಲಸವಿದೆ ಎಂದು ಎದ್ದು ಹೋದಳು. ಉಮಾಳಿಗೆ ನಾಚಿಕೆಯಾಯಿತು. ಕ್ಷಮೆ ಕೇಳಬೇಕೆಂದುಕೊಂಡಳು, ಅಡುಗೆಯ ಗಡಿಬಿಡಿಯಲ್ಲಿ ಕೇಳಲಿಲ್ಲ. ಮಧ್ಯಾಹ್ನ ಬಡಿಸುವಾಗ ಅತ್ತೆಯ ಆ ಒಂದು ಸೌಟನ್ನು ಮುಕ್ಕಾಲು ಮಾಡಿದಳು.

ಮಾರ್ಚಿನಲ್ಲಿ ಈರುಳ್ಳಿ ಕೀಳುವ ಹೊತ್ತು. ಗದ್ದೆಯ ನಡುವೆ ಸಣ್ಣಿ ಕೂತವಳು ಏಳಲಿಲ್ಲ. ಕುಡಿದ ಅಂಬಲಿಯೆಲ್ಲ ವಾಂತಿಯಾಗಿತ್ತು. ಉಮಾಳ ಗಂಡ ರವೀಂದ್ರ ತನ್ನ ಟೆಂಪೋದಲ್ಲಿ ಮಲಗಿಸಿ ಕುಮಟೆಯ ಆಸ್ಪತ್ರೆಗೆ ತಂದ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಒಂದು ಬದಿಯಿಂದ ತಟ್ಟಿ ಇನ್ನೊಂದು ಬದಿಯಲ್ಲಿ ಅದರ ಅಲೆ ಮುಟ್ಟಿ ನೋಡಿದರು, ಮುಖ ಗಂಭೀರವಾಯಿತು. ಸ್ಕ್ಯಾನಿಂಗಿಗೆ ಬರೆದುಕೊಟ್ಟರು.

"ಕೊರಳಲ್ಲಿ ಇದ್ದದ್ದು ಎಲ್ಲ ತೆಗೀಬೇಕು" ಎಂದಳು ನರ್ಸು.

ಜಟ್ಟಿ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಸಣ್ಣಿ ಆ ಕಡೆ ಒಂದು ಸಲ ನೋಡಿ, "ನೀನೇ ತೆಗಿ" ಎಂದು ಉಮಾಳಿಗೆ ಕೊರಳು ಒಡ್ಡಿದಳು. ಉಮಾ ಒಂದೊಂದೇ ಸರ ಬಿಚ್ಚಿ ತನ್ನ ಮಡಿಲಿಗೆ ಹಾಕಿಕೊಂಡಳು. ಮಡಿಲು ಜಗ್ಗಿತು. ಕೊನೆಯ ಸರ ಬಂದಾಗ ಅವಳ ಕೈ ನಿಂತುಹೋಯಿತು. ನಲವತ್ತು ವರ್ಷ ಬಿಸಿಲು ಕಾಣದ ಆ ಬಿಳಿಚಿದ ತೊಗಲಿನಡಿ ಕೊರಳೆಲುಬುಗಳು ಎದ್ದು ನಿಂತಿದ್ದವು. ಅವುಗಳ ಮೇಲಿನ ಗುಳಿಯಲ್ಲಿ ಒಂದು ಬೊಗಸೆ ನೀರು ನಿಲ್ಲುತ್ತಿತ್ತು. ಎದೆಗೂಡಿನ ಎಲುಬುಗಳನ್ನು ಎಣಿಸಬಹುದಿತ್ತು. ದಿನವೂ ಎದುರಿಗಿದ್ದ ಹೆಂಗಸು ಮಣಿಯ ಹಿಂದೆ ಇಷ್ಟು ಸವೆದಿದ್ದಳು. ಅವಳಿಗೆ 'ತೂಕ ಹೆಚ್ಚು' ಎಂದು ಬರೆದ ಕೈ ಇದೇ. ಉಮಾ ಅಲ್ಲೇ ಅತ್ತಳು. "ಎಂತಕೆ ಅಳ್ತೆ? ಸ್ಕ್ಯಾನ್ ಆದ್ಮೇಲೆ ಮತ್ತೆ ಹಾಕ್ಕಂಡ್ರಾತು" ಎಂದಳು ಸಣ್ಣಿ.

ಅಂಡಾಶಯದಲ್ಲಿ ಗಡ್ಡೆ. ಅದು ಹರಡಿ ಹೊಟ್ಟೆ ತುಂಬ ನೀರು. ತೋಳಿನಿಂದ, ಎದೆಯಿಂದ ಇಳಿದ ಮಾಂಸದಷ್ಟೇ ತೂಕದ ನೀರು ಹೊಟ್ಟೆಯಲ್ಲಿ ಏರುತ್ತ ಬಂದದ್ದರಿಂದ ಯಂತ್ರದ ಮುಳ್ಳು ಅಲ್ಲಾಡಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋದರೂ ದಿನ ಲಂಬಿಸಬಹುದಷ್ಟೇ ಎಂದರು ಡಾಕ್ಟರಮ್ಮ. ಅದಕ್ಕೆ ಸಣ್ಣಿ ಒಪ್ಪಲಿಲ್ಲ. ಆರು ತಿಂಗಳ ಹಿಂದೆ ಬಂದಿದ್ದರೆ ಎಂದು ಉಮಾ ಕೇಳಿದಳು. ಡಾಕ್ಟರಮ್ಮ ಅವಳ ಕೊರಳಿನ ಆಶಾ ಗುರುತಿನ ಚೀಟಿಯನ್ನು ನೋಡಿ, "ಹೇಳೋಕಾಗಲ್ಲಮ್ಮ, ಇದು ಸದ್ದಿಲ್ಲದೆ ಬರೋ ಕಾಯಿಲೆ" ಎಂದರು. ಅದು ಕರುಣೆಯ ಮಾತೆಂದು ಉಮಾಳಿಗೆ ಗೊತ್ತಾಯಿತು.

ನೀರು ತೆಗೆದ ಮೇಲೆ ತೂಗಿದರು. ನಲವತ್ತೆರಡು. ಮಣಿಸರಗಳನ್ನು ಉಮಾ ತಾನೇ ತೂಗಿದಳು, ಮೂರು ಕಿಲೋ. ಮೊದಲ ದಿನದ ಐವತ್ತೆರಡರಲ್ಲಿ ಮೂರು ಕಳೆದರೆ ಅತ್ತೆಯ ಎತ್ತರಕ್ಕೆ ಅದು ಸರಿಯಾದ ತೂಕವೇ ಆಗಿತ್ತು. ಹಾಗಿದ್ದೂ ದಾರ ನಾಲ್ಕು ಬೆರಳು ಕಡಿಮೆ ಬಿದ್ದದ್ದು ಏಕೆ ಎಂದು ಆ ದಿನವೇ ಕೇಳಬೇಕಿತ್ತು. ಯಂತ್ರ, ದಾರ, ಟೇಪು ಮೂರೂ ಇದ್ದವು. ಹೊಟ್ಟೆ ಹೇಗಿದೆ ಅತ್ತೆ ಎಂಬ ಒಂದು ಮಾತು ಇರಲಿಲ್ಲ.

ಮನೆಗೆ ಬಂದ ಎರಡನೆಯ ದಿನ ಉಮಾ ಅತ್ತೆಯ ಕಾಲು ಹಿಡಿದಳು.

"ಅತ್ತೆ, ನಾನೇ ನಿಮ್ಮನ್ನ ಉಪಾಸ ಕೆಡವ್ದೆ. ಕದ್ದು ತಿಂತ್ರಿ ಅಂತೂ ಅಂದೆ."

"ಹುಚ್ಚಿ" ಎಂದಳು ಸಣ್ಣಿ. "ಚೌತಿ ಕಳ್ದಾಗಿಂದ ನಂಗೆ ಹಸಿವೇ ಇರ್ಲಿಲ್ಲ. ಉಣ್ಣೂಕೆ ಮನ್ಸಿಲ್ಲ ಅಂದ್ರೆ ನೀವೆಲ್ಲ ಹೆದರ್ತಿದ್ರಿ. ನೀನೇ ಉಣ್ಬೇಡಿ ಅಂದೆ, ಚೊಲೊ ಆತು. ನಿನ್ನಿಂದ ಎಂತದೂ ಆಗ್ಲಿಲ್ಲ, ಏಳು."

ಉಮಾ ಎದ್ದಳು. ಈ ಕಾಯಿಲೆಯಲ್ಲಿ ಹಸಿವು ಹೋಗುತ್ತದೆ ಎಂದು ಡಾಕ್ಟರಮ್ಮನೂ ಹೇಳಿದ್ದರು. ಎದೆಯ ಮೇಲಿನ ಕಲ್ಲು ತುಸು ಸರಿದಂತಾಯಿತು. ಆ ದಿನ ವಾರದ ನಂತರ ಮೊದಲ ಸಲ ಅವಳೂ ಎರಡು ತುತ್ತು ಉಂಡಳು.

ಮತ್ತೆರಡು ದಿನಕ್ಕೆ, ನೀರಿನ ಒತ್ತಡ ಇಲ್ಲವಾಗಿತ್ತೋ ಏನೋ, ಮಧ್ಯಾಹ್ನ ಸಣ್ಣಿ ಕಣ್ಣು ಬಿಟ್ಟು ಅನ್ನ ಕೇಳಿದಳು. ಉಮಾ ಓಡಿದಳು. ಆಗಷ್ಟೇ ಬಸಿದ ಬಿಸಿ ಕುಚ್ಚಕ್ಕಿ ಅನ್ನಕ್ಕೆ ಒಣಸಿಗಡಿ ಚಟ್ನಿ ಹಾಕಿ ಮೆತ್ತಗೆ ಕಲಸಿ ತಂದಳು. ಗೋಡೆಗೆ ಒರಗಿಸಿ ಕೂರಿಸಿ ತುತ್ತು ಎತ್ತಿದರೆ, ಕೈ ಹತ್ತಿರ ಬರುವ ಮೊದಲೇ ಅತ್ತೆಯ ಬಾಯಿ ತೆರೆದಿತ್ತು. ಸಣ್ಣಿ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಅಗಿದಳು. ಎರಡನೆಯ ತುತ್ತಿಗೂ ಹಾಗೆಯೇ. ಮುಖದಲ್ಲಿ ಬೆಳಕು ಬಂದಿತ್ತು.

"ಇದೇ ಪರಿಮಳ ನೋಡು" ಎಂದಳು, ತನ್ನಷ್ಟಕ್ಕೆ ಹೇಳಿಕೊಳ್ಳುವವಳ ಹಾಗೆ. "ರಾತ್ರಿ ನೀವೆಲ್ಲ ಉಂಬಾಗ ಬತ್ತಿತ್ತು. ತಡ್ಕಣೂಕೇ ಆಗ್ತಿರ್ಲಿಲ್ಲ. ಅದ್ಕೇ ನಾ ಎದ್ದು ಹೋಗಿ ದನದ ಕೊಟ್ಟಿಗೇಲಿ ಕೂತ್ಕಂತಿದ್ದೆ."

ಹೇಳಿದ ಮೇಲೆ ಅವಳಿಗೆ ಅರಿವಾಯಿತು. ಕಣ್ಣು ತೆರೆದು ಸೊಸೆಯನ್ನು ನೋಡಿದಳು. ಉಮಾಳ ಕೈ ಬಟ್ಟಲಿನಲ್ಲೇ ಉಳಿದಿತ್ತು. ಹೊರಗೆ ಜಟ್ಟಿ ಈರುಳ್ಳಿ ಗೊಂಚಲು ಕಟ್ಟುತ್ತ ಯಾರಿಗೋ ಏನೋ ಹೇಳುತ್ತಿದ್ದ.

"ಇನ್ನೊಂದು ತುತ್ತು ಕೊಡು" ಎಂದಳು ಸಣ್ಣಿ, ಕೊನೆಗೆ.

ಉಮಾ ಕೊಟ್ಟಳು. ಸಣ್ಣಿ ಅದನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿದಳು. ನುಂಗಲು ನೋಡಿದಳು, ಗಂಟಲು ಒಪ್ಪಲಿಲ್ಲ. ಇನ್ನೊಮ್ಮೆ ನೋಡಿದಳು. ಉಮಾ ಅಂಗೈ ಒಡ್ಡಿದಾಗ ಮಗುವಿನ ಹಾಗೆ ಆ ತುತ್ತನ್ನು ಅದರಲ್ಲಿ ಉಗುಳಿ, ಸೊಸೆಯ ಮುಖ ನೋಡಿ ನಕ್ಕಳು.

"ಸಾಕಾತು ಹೆಣ್ಣೆ, ಹೊಟ್ಟೆ ತುಂಬ್ತು."

ಈ ಸಲ ಉಮಾ ನಂಬಲಿಲ್ಲ.