ಒಡೆಯನಿಲ್ಲದ ಬೂಟುಗಳು

ಸೂಜಿಯಕ್ಕನ ಮನೆಯ ಹೊಸ್ತಿಲಾಚೆ ಭಾರೀ ಗಾತ್ರದ ಒಂದು ಜೊತೆ ಬೂಟುಗಳಿದ್ದವು. ಆ ಬೂಟುಗಳಿಗೆ ಒಡೆಯನೆಂಬವನಿರಲಿಲ್ಲ. ದಿನವೂ ಬೆಳಗ್ಗೆ ಅವಳು ಹೂಕುಂಡದ ಮಣ್ಣನ್ನು ನೀರಿನಲ್ಲಿ ಕಲಸಿ ಅವುಗಳ ಅಡಿಗೆ ಬಳಿಯುವಳು. ನಿನ್ನೆ ಬಾಗಿಲಿಗೆ ಮುಖಮಾಡಿದ್ದವನ್ನು ಇಂದು ಗೋಡೆಯತ್ತ ತಿರುಗಿಸುವಳು. ಯಾರೋ ದೊಡ್ಡ ಆಸಾಮಿ ಈಗಷ್ಟೇ ಹೊರಗಿನಿಂದ ಬಂದು ಒಳಗೆ ಮೈಚಾಚಿದ್ದಾನೆಂದು ನೋಡಿದವರು ತಿಳಿಯಬೇಕು. ಅದರಲ್ಲೂ ಕಳ್ಳರು ತಿಳಿಯಬೇಕು.

ರಂಗಮಂದಿರದ ಉಡುಪುಕೋಣೆಯಲ್ಲಿ ರಾಜನಿಗೂ ಭಿಕ್ಷುಕನಿಗೂ ಒಂದೇ ಸೂಜಿಯಿಂದ ಬಟ್ಟೆ ಹೊಲಿಯುತ್ತಿದ್ದ ಅವಳಿಗೆ ಆ ಹೆಸರನ್ನಿಟ್ಟವರು ಅಲ್ಲಿಯ ನಟರು. ಒಂಟಿ ಜೀವ, ಕದ್ದೊಯ್ಯಲು ಮನೆಯಲ್ಲಿ ಹೊಲಿಗೆಯಂತ್ರವೊಂದನ್ನು ಬಿಟ್ಟು ಬೇರೇನೂ ಇರಲಿಲ್ಲವಾದ್ದರಿಂದ ಕಳ್ಳರ ಚಿಂತೆ ಅವಳನ್ನು ಎಂದೂ ಬಾಧಿಸಿರಲಿಲ್ಲ. ಆದರೆ ಅಕ್ಕ ತೀರಿಕೊಂಡು, ಅಕ್ಕನ ಒಬ್ಬಳೇ ಮಗಳು ಬಾಲಮಂದಿರವನ್ನು ಸೇರಿದ ಮೇಲೆ, ಮಗುವನ್ನು ತನ್ನ ಮಡಿಲಿಗೆ ಒಪ್ಪಿಸಿರೆಂದು ಅವಳು ಅರ್ಜಿ ಹಾಕಿಕೊಂಡಳು. ಮನೆ ನೋಡಲೆಂದು ಬಂದ ಮಕ್ಕಳ ಇಲಾಖೆಯ ಅಧಿಕಾರಿಣಿ, ಎದುರುಮನೆಯ ಮುರಿದ ಬಾಗಿಲಿಗೆ ಹಲಗೆ ಬಡಿದಿದ್ದುದನ್ನು ಕಂಡು ಹುಬ್ಬೇರಿಸಿದರು.

"ಕಳ್ಳತನ ಆಯ್ತಾ ಇಲ್ಲಿ?"

"ಹೋದ ವಾರ ಮೇಡಂ. ಹಾಡಹಗಲೇ."

"ಹಾಗಾದ್ರೆ ಈ ಮನೆಗೆ ಭದ್ರತೆ ಬೇಕೇ ಬೇಕು. ಇನ್ನೊಂದ್ಸಲ ಬರ್ತೀನಿ, ಹೇಳದೇ ಬರ್ತೀನಿ. ಆವತ್ತು ನಂಗೆ ಸರಿ ಅನ್ನಿಸಿದ್ರೆ ಮಗು ನಿಮ್ಮನೆಗೆ. ಇಲ್ಲಿ ನೀವೊಬ್ರೇನಾ ಇರೋದು?"

"ಒಬ್ಬಳೇ ಮೇಡಂ."

"ಬೇರೆ ಯಾರಾದ್ರೂ ಇದ್ರೆ ಈಗ್ಲೇ ಹೇಳಿ, ಅವರ ವಿಷಯನೂ ವಿಚಾರಿಸ್ಬೇಕಾಗುತ್ತೆ. ಮುಚ್ಚಿಟ್ಟಿದ್ದು ಆಮೇಲೆ ಗೊತ್ತಾದ್ರೆ ಅರ್ಜಿ ಅಲ್ಲಿಗೇ ಮುಗೀತು."

ಮಾರನೆಯ ದಿನವೇ ಅಲಾರಂ ಕೂಡಿಸುವವನು ಬಂದ. ಬಾಗಿಲು ಕಿಟಕಿಗಳಿಗೆ ಅಯಸ್ಕಾಂತದ ತುಣುಕುಗಳನ್ನು ಅಂಟಿಸಿದ. ನಡುಮನೆಯ ಮೂಲೆಯಲ್ಲಿ, ಮನೆಯೊಳಗೆ ಯಾರು ಅಲುಗಾಡಿದರೂ ಸೈರನ್ ಮೊಳಗಿಸುವ ಸೆನ್ಸರ್ ಒಂದನ್ನು ನೆಟ್ಟ. ಹೊರಡುವಾಗ ಏಣಿಯನ್ನು ಹೆಗಲಿಗೇರಿಸಿಕೊಂಡು ಹೇಳಿದ: "ಅಕ್ಕಾ, ಇದೆಲ್ಲ ಕೂಗೋದು ಕಳ್ಳ ಬಂದ ಮೇಲೆ. ಅವನು ಬರ್ಲೇಬಾರ್ದು ಅಂದ್ರೆ ಮನೇಲಿ ಗಂಡಸಿದಾನೆ ಅಂತ ಕಾಣ್ಬೇಕು."

"ಗಂಡಸನ್ನ ಎಲ್ಲಿಂದ ತರ್ಲಪ್ಪಾ?"

"ಅದನ್ನ ನಮ್ಮ ಕಂಪನಿ ಮಾರಲ್ಲ ಅಕ್ಕಾ."

ಇಲ್ಲದವನನ್ನು ಇರುವವನಂತೆ ತೋರಿಸುವುದೇ ರಂಗಭೂಮಿಯ ವಿದ್ಯೆಯಲ್ಲವೆ? ಸೂಜಿಯಕ್ಕ ರಂಗಮಂದಿರದ ಉಗ್ರಾಣದ ಕತ್ತಲ ಕಪಾಟಿಗೆ ಕೈಹಾಕಿ, ಸೇನಾಪತಿಯ ಬೂಟುಗಳನ್ನು ಎಳೆದು ತಂದಳು. ಹಗ್ಗದ ಮೇಲೆ ಅಗಲವಾದ ಅಂಗಿಗಳನ್ನು ಒದ್ದೆಮಾಡಿ ಹರವಿದಳು. ನಾಟಕಗಳಿಗೆ ಸದ್ದು ಕೂಡಿಸುವಾತ ಒಂದು ಪುಟ್ಟ ಪೆಟ್ಟಿಗೆಯಲ್ಲಿ ನಾಯಿಯ ಬೊಗಳು, ಗಂಡಸಿನ ಕೆಮ್ಮು ತುಂಬಿಸಿಕೊಟ್ಟ. ಅದು ಹಗಲಿನಲ್ಲಿ ಆಗಾಗ ತಾನಾಗಿಯೇ ನುಡಿಯುತ್ತಿತ್ತು. ಕಳ್ಳರ ಕಣ್ಣಿಗೆ ಇದೆಲ್ಲ ಹೇಗೆ ಕಾಣಬೇಕೆಂದು ಅಷ್ಟೊಂದು ಯೋಚಿಸಿದವಳು, ಅಧಿಕಾರಿಣಿಯ ಕಣ್ಣಿಗೆ ಹೇಗೆ ಕಂಡೀತೆಂದು ಯೋಚಿಸಿರಲೇ ಇಲ್ಲ.

ಅವಳ ರಜೆಯ ದಿನ ಕರೆಗಂಟೆ ಮೊಳಗಿತು. ಬಾಗಿಲು ತೆರೆದರೆ ಅಧಿಕಾರಿಣಿ. ಅವರ ಹಿಂದೆ, ಮೆಟ್ಟಿಲ ಕಟಕಟೆಗೆ ಒರಗಿ, ಮೇಲಿನ ಮನೆಯ ಅಜ್ಜಿ. ಅಧಿಕಾರಿಣಿಯ ದೃಷ್ಟಿ ಬೂಟುಗಳ ಮೇಲಿನ ಹಸಿಮಣ್ಣಿನಿಂದ ಕದಲಲಿಲ್ಲ.

"ಒಬ್ರೇ ಇರೋದು ಅಂದಿದ್ರಿ."

"ಹೌದು ಮೇಡಂ..."

"ಇವು ಯಾರವು? ಆ ಅಂಗಿಗಳು? ಅಜ್ಜಿ ಬೇರೆ ಏನೋ ಹೇಳಿದ್ರು."

"ನಾನೇನೂ ಕೆಟ್ಟದ್ದು ಹೇಳಿಲ್ಲಮ್ಮಾ," ಎಂದರು ಅಜ್ಜಿ. "ಯಜಮಾನ್ರಿಗೆ ಕೆಮ್ಮು ಜಾಸ್ತಿ ಆಗಿದೆ, ಕಷಾಯ ಮಾಡ್ಕೊಡೋರಿಲ್ವೇನೋ ಅಂದೆ, ಅಷ್ಟೇ."

ಬಾಲಮಂದಿರದ ಜಗುಲಿಯಲ್ಲಿ ಕುಳಿತು, "ಚಿಕ್ಕಮ್ಮಾ, ಯಾವಾಗ ಕರ್ಕೊಂಡು ಹೋಗ್ತೀಯ?" ಎಂದು ಕೇಳಿದ ಎಳೆಯ ಮುಖ ಸೂಜಿಯಕ್ಕನ ಕಣ್ಮುಂದೆ ಬಂತು. "ಮೇಡಂ, ಯಾರೂ ಇಲ್ಲ! ಕಳ್ಳರನ್ನ ಹೆದರಿಸೋಕೆ ನಾನೇ ಇಟ್ಟಿದ್ದು ಇವನ್ನ."

"ಎಲ್ಲರೂ ಏನಾದ್ರೊಂದು ಹೇಳ್ತಾರಮ್ಮ. ನಾನು ನೋಡಿದ್ದನ್ನ ಬರೀಬೇಕು," ಎಂದ ಅಧಿಕಾರಿಣಿಯ ಧ್ವನಿಯಲ್ಲಿ ಕೋಪಕ್ಕಿಂತ ವ್ಯಥೆಯೇ ಹೆಚ್ಚಾಗಿತ್ತು.

ಅಷ್ಟರಲ್ಲಿ ಒಳಗೆ ನಾಯಿ ಬೊಗಳಿತು. ಗಂಡಸೊಬ್ಬ ಖೊಕ್ ಖೊಕ್ಕೆಂದು ಕೆಮ್ಮಿದ. "ಕೇಳಿದ್ರಾ?" ಎಂದು ಅಜ್ಜಿ ಕತ್ತು ಚಾಚುವಷ್ಟರಲ್ಲಿ, ಅದೇ ಕೋಣೆಯಿಂದ ಕುದುರೆಯೊಂದು ದಿಗಂತ ಬಿರಿಯುವಂತೆ ಕೆನೆಯಿತು.



"ಅಯ್ಯೋ, ಕುದುರೆ!" ಅಜ್ಜಿ ಎದೆ ನೀವಿಕೊಂಡರು. "ಮೊನ್ನೆನೂ ಕೇಳಿಸಿತ್ತು ಕಣೇ. ನಂಗೇ ಅರಳುಮರಳು ಶುರುವಾಯ್ತು ಅಂದ್ಕೊಂಡು ಯಾರಿಗೂ ಹೇಳ್ಲಿಲ್ಲ!"

ಬೊಗಳು, ಕೆಮ್ಮುಗಳ ಕೊನೆಗೆ ಅಂಟಿಕೊಂಡಿದ್ದ ಯುದ್ಧದೃಶ್ಯದ ಸದ್ದನ್ನು ಕತ್ತರಿಸುವುದನ್ನು ನಾಟಕದ ಸದ್ದಿನವನು ಮರೆತಿದ್ದ. ಸೂಜಿಯಕ್ಕ ಪೆಟ್ಟಿಗೆಯನ್ನು ತಂದು ತೋರಿಸಿದಳು. ಅಧಿಕಾರಿಣಿಯ ತುಟಿಯಂಚು ಅಲುಗಿತಾದರೂ ಅವರು ಒಪ್ಪದವರಂತೆ ತಲೆಯಾಡಿಸಿದರು. "ನಾಯಿ, ಕುದುರೆ ಒಪ್ಕೊಂಡೆ. ಆದ್ರೆ ಬೂಟು ಪೆಟ್ಟಿಗೆಯೊಳಗಿಂದ ಬಂದಿದ್ದಲ್ವಲ್ಲ."

ಇವುಗಳನ್ನಾದರೂ ಕಣ್ಮರೆ ಮಾಡೋಣವೆಂದು ಸೂಜಿಯಕ್ಕ ಬಾಗಿ ಬೂಟುಗಳನ್ನು ಒತ್ತಟ್ಟಿಗೆ ಸೇರಿಸಿದಳು. ಅವು ಜೋಡಿಯಾಗಿ ಕೂಡಲಿಲ್ಲ. ತಿರುಗಿಸಿದಳು, ಆಗಲೂ ಒಂದರ ಬೆನ್ನಿಗೆ ಇನ್ನೊಂದು ನಿಂತಂತೆ, ಎರಡರ ತುದಿಯೂ ಒಂದೇ ಕಡೆಗೆ ಬಾಗಿದ್ದವು.

"ಮೇಡಂ! ಇವೆರಡೂ ಎಡಗಾಲಿನವು!"

ಪ್ರೇಕ್ಷಕರು ದೂರದಲ್ಲಿರುವರು, ಕಪ್ಪಗೆ ಎತ್ತರಕ್ಕಿದ್ದರೆ ಸಾಕು, ಸೇನಾಪತಿಯ ಪಾದಗಳನ್ನು ಯಾರು ಪರೀಕ್ಷಿಸುವರು? ಹಾಗೆಂದು ಹಿಂದೊಮ್ಮೆ ಯಾರೋ ಕೈಗೆ ಸಿಕ್ಕ ಎರಡನ್ನು ಕಟ್ಟಿಟ್ಟಿದ್ದರು. ವೇಷವನ್ನು ಪ್ರೇಕ್ಷಕರಂತೆ ದೂರದಿಂದಲೇ ನೋಡುವ ಅಭ್ಯಾಸದ ಅವಳ ಕಣ್ಣೂ ಅಲ್ಲಿಯೇ ಮೋಸಹೋಗಿತ್ತು. ಅಧಿಕಾರಿಣಿ ತಾವೇ ಬೂಟುಗಳನ್ನೆತ್ತಿ ನೋಡಿದರು. ಬಳಿಕ ಹಗ್ಗದತ್ತ ನಡೆದು ಒಂದು ಅಂಗಿಯನ್ನು ಹಿಡಿದರು: ಮುಂದೆ ಗುಂಡಿಗಳು ಬರಿಯ ತೋರಿಕೆಗೆ, ತೆರೆಯ ಮರೆಯಲ್ಲಿ ಥಟ್ಟನೆ ಕಳಚಲೆಂದು ಬೆನ್ನು ಉದ್ದಕ್ಕೂ ಸೀಳಿ, ವೆಲ್ಕ್ರೋ ಪಟ್ಟಿ ಹೊಲಿಯಲಾಗಿತ್ತು.

"ಎರಡು ಎಡಗಾಲು, ಬೆನ್ನಿಲ್ಲದ ಅಂಗಿ," ಎನ್ನುತ್ತಿದ್ದಂತೆಯೇ ಅವರಿಗೆ ನಗು ತಡೆಯಲಾಗಲಿಲ್ಲ. "ಇಂಥವನನ್ನ ಎಲ್ಲಿ ಅಂತ ಹುಡುಕಿ ವಿಚಾರಿಸ್ಲಿ ನಾನು?"

"ಹಾಗಾದ್ರೆ ಕಷಾಯ ಬೇಡ್ವಾ?" ಎಂದರು ಅಜ್ಜಿ, ಕೊಂಚ ನಿರಾಶೆಯಿಂದಲೇ.

ಅಧಿಕಾರಿಣಿ ಚಿಲಕ, ಸರಳು, ಸೈರನ್ ಎಲ್ಲವನ್ನೂ ಪರೀಕ್ಷಿಸಿದರು. ಸೈರನ್ ಕೂಗಿಗೆ ಬೀದಿಯೇ ಬೆಚ್ಚಿತು. "ಇಷ್ಟು ಸಾಕು. ಈ ವಾರದಲ್ಲೇ ಬಂದು ಮಗು ಕರ್ಕೊಂಡು ಹೋಗಿ," ಎಂದು ಅವರು ಹೊರಟ ಮೇಲೆ ಸೂಜಿಯಕ್ಕ ಹೊಸ್ತಿಲ ಮೇಲೆಯೇ ಕುಳಿತು ದೇವರನ್ನು ನೆನೆದಳು.

ಅಕ್ಕನ ಮಗಳು ಮನೆಗೆ ಬಂದ ದಿನ, ಚಿಕ್ಕಮ್ಮ ಬಾಗಿಲು ತೆರೆದು ಚೀಲಗಳನ್ನು ಒಳಗಿಡುವಷ್ಟರಲ್ಲಿ ಅವಳ ಕಾಲುಗಳೆರಡೂ ಸೇನಾಪತಿಯ ಬೂಟುಗಳಲ್ಲಿದ್ದವು. "ಚಿಕ್ಕಮ್ಮಾ, ನೋಡು, ಇದು ನನ್ನ ಒಂದೇ ಕಡೆಗೆ ಎಳೀತಿದೆ!" ಎನ್ನುತ್ತ ಧಡಧಡನೆ ನಡುಮನೆಗೆ ನುಗ್ಗಿದಳು. ಸಂಭ್ರಮದಲ್ಲಿ ಸೂಜಿಯಕ್ಕ ಬಾಗಿಲಿನ ಅಲಾರಮನ್ನಷ್ಟೇ ಆರಿಸಿ, ನಡುಮನೆಯ ಸೆನ್ಸರನ್ನು ಆರಿಸಲು ಮರೆತಿದ್ದಳು. ಸೈರನ್ ಮುಗಿಲು ಮುಟ್ಟುವಂತೆ ಮೊಳಗಿತು. ಮಗು ಕಿವಿ ಮುಚ್ಚಿಕೊಂಡು ಕಿಲಕಿಲನೆ ನಕ್ಕಿತು.

"ಏನೇ ಅದು?" ಮೇಲಿನಿಂದ ಅಜ್ಜಿ ಕೂಗಿದರು. "ನಿಮ್ಮನೇಲಿ ಯಾರೋ ಇದಾರೆ ಕಣೇ!"

"ಇದಾರೆ ಅಜ್ಜಿ," ಎಂದಳು ಸೂಜಿಯಕ್ಕ, ಗುಂಡಿ ಒತ್ತಲು ಸ್ವಲ್ಪವೂ ಅವಸರಪಡದೆ. "ಇದಾರೆ!"