ವಾಪಸ್ ಬರುವ ಪೈಪು

ನಾನು ಹೇಳಿದ್ದು ಒಂದೇ ಮಾತು. "ಭಾನುವಾರ ಕತ್ತಲಾಗೋದ್ರೊಳಗೆ ಈ ಗಾಡಿ ತಾನಾಗೇ ಹೊರಗೆ ಓಡ್ಬೇಕು. ಇಲ್ಲಾಂದ್ರೆ ಗುಜರಿಯವನ ತಳ್ಳುಗಾಡೀಲಿ ಹೋಗುತ್ತೆ."

ನಮ್ಮನೆಯವರು ನಕ್ಕರು. ನಾನು ನಗುತ್ತಿಲ್ಲವೆಂದು ಕಂಡ ಮೇಲೆ ಮುಖ ಸಪ್ಪೆ ಮಾಡಿಕೊಂಡರು.

ಸಿಟ್ಟು ಬಾರದೆ ಇನ್ನೇನು? ನಾನು ಬಟ್ಟೆ ಹೊಲಿಯುವವಳು. ಮನೆಗೆ ಬೆಳಕು ಬರುವುದೇ ಮುಂದಿನ ಕೋಣೆಯ ಕಿಟಕಿಯಿಂದ. ಅದರ ಕೆಳಗೆ ಇವರ ತಾತನ ಕಾಲದ ಮೋಟಾರ್ ಸೈಕಲ್ಲು ಮಹಾರಾಜನ ಹಾಗೆ ನಿಂತಿದೆ; ನಾನೋ, ಮಲಗುವ ಕೋಣೆಯ ಮೂಲೆಯಲ್ಲಿ ಬಲ್ಬಿನಡಿ ಕಣ್ಣು ಕಿರಿದು ಮಾಡಿಕೊಂಡು ಸೂಜಿಗೆ ದಾರ ಪೋಣಿಸುತ್ತೇನೆ. ಎಂಜಿನ್ನು ಬಿಚ್ಚಿ ಜೋಡಿಸಿದ್ದಾಯಿತು, ಬಣ್ಣ ಹೊಡೆದಿದ್ದಾಯಿತು. ಉಳಿದದ್ದು ಒಂದು ಎಣ್ಣೆ ಪೈಪು. ಈ ಗಾಡಿಯಲ್ಲಿ ಎಣ್ಣೆಗೆ ಬೇರೆಯೇ ಟ್ಯಾಂಕು. ಅಲ್ಲಿಂದ ಎಂಜಿನ್ನಿಗೆ ಎಣ್ಣೆ ಇಳಿಯಲು ಒಂದು ಪೈಪು, ವಾಪಸ್ ಹತ್ತಲು ಇನ್ನೊಂದು. ವಾಪಸ್ ಬರುವ ಪೈಪು ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಿಸಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು. ಹೊಸದು ಹಾಕೋಣವೆಂದರೆ ತುದಿಯ ನಟ್ಟು ಈಗಿನ ಯಾವ ಅಳತೆಗೂ ಕೂರುವುದಿಲ್ಲ.

ಭಾನುವಾರ ಬೆಳಗ್ಗೆ ಹಳೇ ಸಾಮಾನಿನ ಬೀದಿಗೆ ನಾನೂ ಹೊರಟೆ. ಇವರು ಪೈಪಿನ ಬದಲು ಇನ್ನೊಂದು ಹಾಳು ಗಾಡಿ ಎಳೆದು ತಂದರೆ ಕಷ್ಟ. ದಾರಿಯುದ್ದಕ್ಕೂ ಇವರದು ಒಂದೇ ಪಾಠ.

"ಏನು ಬೇಕು ಅಂತ ಮಾತ್ರ ಬಾಯಿ ಬಿಡ್ಬೇಡ. ಗೊತ್ತಾದ್ರೆ ಮುಗೀತು, ಮೈಮೇಲಿನ ಅಂಗೀನೂ ಬಿಚ್ಚಿಸ್ಕೋತಾರೆ. ಬೇರೇನೋ ನೋಡ್ತಿರೋ ಹಾಗೆ ನಿಂತ್ಕೋಬೇಕು."

"ಕಳ್ಳರ ಹಾಗೆ ಅನ್ನಿ."

"ಹೂಂ, ಹಾಗೇ ಅನ್ಕೋ."

ಬೀದಿಯ ಕೊನೆಯ ಅಂಗಡಿ. ಗುಜರಿಯವನು ಹಳೇ ಟೈರಿನ ಮೇಲೆ ಕೂತು ಚಹಾ ಹೀರುತ್ತಿದ್ದ. ಮೊಳೆಗೆ ನೇತುಹಾಕಿದ ಚೈನುಗಳ ನಡುವೆ ಏನನ್ನೋ ಕಂಡು ಇವರು ಗಕ್ಕನೆ ನಿಂತರು. ತಂತಿ ಸುತ್ತಿದ ಎರಡು ಬಾಗಿದ ಪೈಪು, ಮೈತುಂಬ ಜಿಡ್ಡು.

"ಅದೇ ಕಣೇ! ಅದೇ!" ಎಂದು ನನ್ನ ಕಿವಿಯಲ್ಲಿ ಉಸುರಿದರು. ಆಮೇಲೆ ಏನೂ ಅರಿಯದವರ ಹಾಗೆ ಒಂದು ತುಕ್ಕು ಹಾರ್ನು ಎತ್ತಿಕೊಂಡು "ಇದೆಷ್ಟು?" ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಆ ಕಟ್ಟಿನ ಮೇಲೆ ಬೇರೆ ಯಾರದೋ ಕೈ ಬಿತ್ತು. ನೋಡಿದರೆ ನಮ್ಮ ಬೀದಿಯ ಹಲ್ಲಿನ ಡಾಕ್ಟರು! ಅವರ ಬಳಿಯೂ ಇಂಥದ್ದೇ ಗಾಡಿಯಿದೆ. ಇವರು ಹಾರ್ನು ಬಿಸಾಕಿ ಪೈಪಿನ ಇನ್ನೊಂದು ತುದಿ ಹಿಡಿದರು.

"ನಾನು ಮೊದಲು ನೋಡಿದ್ದು, ಡಾಕ್ಟ್ರೇ."

"ನೀವು ಹಾರ್ನ್ ನೋಡ್ತಿದ್ರಿ."

"ಅದು ನೆಪ!"

"ಮತ್ತೆ ನಾನು ಅಷ್ಟೊತ್ತು ಕನ್ನಡಿ ನೋಡ್ತಿದ್ದಿದ್ದೇನು, ಚೆಂದಕ್ಕಾ? ಅದೂ ನೆಪವೇ!"

"ನಿಧಾನಕ್ಕೆ ಜಗಳ ಆಡಿ, ನನಗೇನೂ ಅವಸರ ಇಲ್ಲ," ಎಂದ ಗುಜರಿಯವನು.

ಇಬ್ಬರೂ ಬಿಡಲೊಲ್ಲರು. ನನಗೆ ಒಳಗೊಳಗೇ ಖುಷಿಯಾಗಬೇಕಿತ್ತು. ಪೈಪು ಕೈತಪ್ಪಿದರೆ ಸಂಜೆಗೆ ಗಾಡಿ ಗುಜರಿಗೆ, ಕಿಟಕಿ ನನಗೆ. ಆದರೆ ಇವರ ಮುಖ ನೋಡಿದೆ. ಅಯ್ಯೋ, ಇವರಿಗೆ ಅದು ಸಿಗಲೇಬೇಕು ಅನ್ನಿಸಿತು. ಕೂಡಲೇ ಇಬ್ಬರ ಈ ನೆಪದಾಟಕ್ಕೆ ಪಿತ್ತ ನೆತ್ತಿಗೇರಿತು.

"ನಮಗೆ ಬೇಕಾಗಿರೋದು ವಾಪಸ್ ಬರೋ ಪೈಪು!" ಎಂದು ಕಿರುಚಿದೆ. "ನಿಮಗೇನು ಬೇಕು ಡಾಕ್ಟ್ರೇ? ಬಾಯಿ ಬಿಟ್ಟು ಹೇಳಿ!"

ಇವರು ಹಣೆ ಚಚ್ಚಿಕೊಂಡರು. ಡಾಕ್ಟರು ಕಣ್ಣು ಪಿಳಿಪಿಳಿ ಮಾಡಿದರು.

"ನನಗಾ? ನನಗೆ... ಇಳಿಯೋ ಪೈಪು."

ಇಬ್ಬರೂ ಪರಸ್ಪರ ಮುಖ ನೋಡಿಕೊಂಡು, ಆಮೇಲೆ ಕಟ್ಟನ್ನು ನೋಡಿ, ಹೋ ಎಂದು ನಗತೊಡಗಿದರು. ಬೆಲೆ ಏರಿಸಲು ಕಾದಿದ್ದ ಗುಜರಿಯವನೊಬ್ಬನೇ ನಗಲಿಲ್ಲ. ದುಡ್ಡು ಕೊಟ್ಟು, ಅಲ್ಲೇ ತಂತಿ ಬಿಚ್ಚಿ ಒಬ್ಬೊಬ್ಬರು ಒಂದೊಂದು ತೆಗೆದುಕೊಂಡರು. ಮನೆಗೆ ನಾವು ನಡೆದು ಬಂದೆವೋ ಓಡಿ ಬಂದೆವೋ ನೆನಪಿಲ್ಲ.

ನಟ್ಟು ಬೆರಳಲ್ಲಿ ತಿರುಗಿಸಿದರೇ ಸಲೀಸಾಗಿ ಕೂತಿತು. ಇವರು ಕಿಕ್ ಹೊಡೆದರು, ಬೆವರೊರೆಸಿಕೊಂಡು ಮತ್ತೆ ಹೊಡೆದರು. ಧಡ್ ಧಡ್ ಧಡ್! ಕಿಟಕಿಯ ಗಾಜು ಅದುರಿತು, ಕೋಣೆ ತುಂಬ ಹೊಗೆ.

"ಟ್ಯಾಂಕಲ್ಲಿ ಬೆರಳಿಟ್ಟು ನೋಡೇ! ಎಣ್ಣೆ ವಾಪಸ್ ಬರ್ತಿಲ್ಲ ಅಂದ್ರೆ ಈಗಲೇ ಆರಿಸ್ಬೇಕು, ಇಲ್ಲಾಂದ್ರೆ ಎಂಜಿನ್ನು ಹಾಳು!"

ಮುಚ್ಚಳ ತೆಗೆದು ಪೈಪಿನ ಬಾಯಿಗೆ ಬೆರಳು ಒಡ್ಡಿದೆ. ಏನೂ ಇಲ್ಲ. ಇವರು ಆರಿಸುವ ಗುಂಡಿಯ ಮೇಲೆ ಬೆರಳಿಟ್ಟರು. "ತಡೀರಿ, ತಡೀರಿ!" ಎಂದೆ. ಬರೀ ಗಾಳಿ. ಒಂದು ಗುಳ್ಳೆ. ಆಮೇಲೆ ಬೆಚ್ಚಗೆ, ದಪ್ಪಗೆ, ಬೆರಳ ಮೇಲೆ ಎಣ್ಣೆ ಸುರಿಯಿತು.

"ಬಂತು! ರೀ, ಬಂತು ಕಣ್ರೀ!" ನನ್ನ ಕೂಗಿಗೆ ಪಕ್ಕದ ಮನೆಯವರೆಲ್ಲ ಹೊರಗೆ ಬಂದರು.

ಇವರು ಕಣ್ಣೊರೆಸಿಕೊಂಡು, ಎರಡೂ ಬಾಗಿಲು ತೆರೆದು, ಹಲಗೆ ಹಾಸಿ, ಗಾಡಿ ಹತ್ತಿ ಓಡಿಸಿಕೊಂಡೇ ಬೀದಿಗಿಳಿದರು. "ಮಾತು ಅಂದ್ರೆ ಮಾತು. ತಗೋ, ನಿನ್ನ ಕಿಟಕಿ," ಎಂದರು.

ತಿರುಗಿ ನೋಡಿದೆ. ಖಾಲಿ ನೆಲದ ಮೇಲೆ ಬಿಸಿಲು ಚೆಲ್ಲಿತ್ತು. ಹೊಲಿಗೆ ಮಿಷನ್ನು ಅಲ್ಲಿಗೆ ಸರಿಸಲು ಎಷ್ಟು ಹೊತ್ತು? ಒಂದು ಚಿಂದಿಯಲ್ಲಿ ಕೈ ಒರೆಸಿಕೊಂಡು ಓಡಿಹೋಗಿ ಇವರ ಹಿಂದೆ ಹತ್ತಿ ಕೂತೆ.

"ಲೇ, ಹೊಲಿಗೆ?"

"ಗಾಡಿ ಹೊರಗೆ ಹೋಗ್ಬೇಕು ಅಂದಿದ್ದೆ. ನಾನು ಒಳಗೇ ಇರ್ತೀನಿ ಅಂದಿದ್ನಾ? ನಡೀರಿ!"